ಎದುರು ಗಾಣದ ಮೇಡಂ

ಮೇಡಂ ಅವರ ಕನ್ನಡಕದ ಎಡಗಡೆ ಗಾಜಿನ ಮೇಲೆ ಯಾವಾಗಲೂ ಒಂದು ಹೆಬ್ಬೆರಳಿನ ಎಣ್ಣೆಗುರುತು ಇರುತ್ತಿತ್ತು. ಗಾಣದಿಂದ ಕೈ ತೆಗೆದು, ಸೆರಗಿಗೆ ಒರೆಸಿದ ಹಾಗೆ ಮಾಡಿ, ಮೂಗಿನಿಂದ ಜಾರಿದ ಕನ್ನಡಕವನ್ನು ಅದೇ ಕೈಯಿಂದ ಮೇಲಕ್ಕೆ ತಳ್ಳುವುದು ಅವರ ಅಭ್ಯಾಸ. ಆ ಗುರುತಿನ ಮೂಲಕವೇ ಅವರು ಬಂದವರನ್ನೆಲ್ಲ ನೋಡಿ ನಗುತ್ತಿದ್ದರು. ಗಿರಾಕಿಗಳಿಗೆ ಅದು ಬಹಳ ಇಷ್ಟ. "ಪಾಪ, ಅಷ್ಟು ಓದಿದೋರು, ಎಷ್ಟು ಕಷ್ಟ ಪಡ್ತಾರೆ ನೋಡ್ರಿ" ಎಂದು ನನ್ನ ಅಂಗಡಿಗೆ ಬಂದೇ ಹೇಳುತ್ತಿದ್ದರು. ನಾನು ಮೊಣಕೈವರೆಗೆ ಎಣ್ಣೆಯಲ್ಲಿ ಮುಳುಗಿ ನಿಂತಿರುತ್ತಿದ್ದೆ. ನನ್ನನ್ನು ಯಾರೂ ಪಾಪ ಅನ್ನಲಿಲ್ಲ. ಗಾಣದವರ ಮಗಳ ಕೈಯಲ್ಲಿ ಎಣ್ಣೆ ಇದ್ದರೆ ಅದೇನು ದೊಡ್ಡ ವಿಷಯ.

ತುಮಕೂರಿನ ಶಿರಾ ಗೇಟಿನಲ್ಲಿ ನಮ್ಮ ಗಾಣದಂಗಡಿ ರಸ್ತೆಯ ಈ ಬದಿಗೆ, ಅವರದು ಆ ಬದಿಗೆ. ಮೊದಲು ಅಂಗಡಿ ಹಾಕಿದವಳು ನಾನು. ಇದನ್ನು ಈಗಲೇ ಹೇಳಿಬಿಡಬೇಕು, ಏಕೆಂದರೆ ಅರ್ಧ ಊರು ನಾನೇ ಅವರನ್ನು ನೋಡಿ ಶುರು ಮಾಡಿದೆ ಎಂದುಕೊಂಡಿದೆ. ನಮ್ಮದು ಚೇಳೂರು ಕಡೆಯ ಗಾಣದ ಮನೆತನ. ತಾತ ಎತ್ತು ಕಟ್ಟಿ ಗಾಣ ಹೊಡೆದ. ಅಪ್ಪನ ಕಾಲಕ್ಕೆ ಎತ್ತು ಹೋಗಿ ಮೋಟರು ಬಂತು. ಪ್ಯಾಕೆಟ್ ಎಣ್ಣೆ ಬಂದ ಮೇಲೆ ಮೋಟರೂ ನಿಂತುಹೋಯಿತು. ಜನಕ್ಕೆ ಗಾಣದ ಎಣ್ಣೆಯ ಹುಚ್ಚು ಮತ್ತೆ ಹಿಡಿದಾಗ, ಗಂಡನ ಮನೆಯವರನ್ನು ಒಪ್ಪಿಸಿ ತುಮಕೂರಿಗೆ ಕರೆಂಟಿನ ಮರದ ಗಾಣ ತರಿಸಿ ಕೂರಿಸಿದೆ. ಅಮ್ಮ ತೀರಿಕೊಂಡಿದ್ದರಿಂದ ಅಪ್ಪನನ್ನೂ ಜೊತೆಗೆ ಕರೆತಂದೆ. ಗಾಣದ ಸದ್ದು ಕೇಳುತ್ತಾ ಕೂತಿರಲಿ, ನನ್ನ ಕೆಲಸ ನೋಡಿ ಒಂದು ದಿನವಾದರೂ ಚೆನ್ನಾಗಿದೆ ಅನ್ನಲಿ ಎಂಬ ಆಸೆ ನನಗಿತ್ತು.

ಅಪ್ಪ ಅನ್ನಲಿಲ್ಲ. ನಮ್ಮಪ್ಪನ ಬಾಯಲ್ಲಿ ಹೊಗಳಿಕೆ ಎಂಬುದು ಬರಗಾಲದ ಬಾವಿಯ ನೀರು. ನಾನು ತೆಗೆದ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಉಜ್ಜಿ, ಮೂಸಿ, "ಊಂ" ಅನ್ನುತ್ತಿದ್ದ. ಅಷ್ಟೇ. ಏನಾದರೂ ಕೇಳಿದರೆ, "ನಿಂಗ್ಯಾಕವ್ವ ಅದೆಲ್ಲ, ಮಿಷಿನ್ ಐತಲ್ಲ, ಅದೇ ಆಡ್ತದೆ ಬುಡು" ಎನ್ನುವುದು. ಕಾಳಿನ ಗುಣ ನೋಡುವುದನ್ನು ಅಪ್ಪ ನನಗೆ ಕಲಿಸಲಿಲ್ಲ. ಚಿಕ್ಕವಳಿದ್ದಾಗ ಅವನ ಪಕ್ಕದಲ್ಲಿ ನಿಂತು, ಅವನು ಮೂಸಿ ಪಕ್ಕಕ್ಕಿಟ್ಟ ಕಾಳನ್ನೇ ಕದ್ದು ಮೂಸಿ ಕಲಿತೆ.

ಹೀಗಿರುವಾಗ ಎದುರಿಗೆ ಮೇಡಂ ಬಂದರು. ಕುಣಿಗಲ್ ಕಡೆಯವರು, ಕಾಲೇಜಿನಲ್ಲಿ ಗೃಹವಿಜ್ಞಾನ ಪಾಠ ಹೇಳಿ ರಿಟೈರ್ ಆದವರು. ಮದುವೆ ಮಾಡಿಕೊಂಡಿರಲಿಲ್ಲ. ರಿಟೈರ್ ಆದವರು ಯಾತ್ರೆ ಹೋಗುತ್ತಾರೆ, ಮನೆ ಕಟ್ಟಿಸುತ್ತಾರೆ. ಇವರಿಗೆ ಗಾಣ ಹಾಕುವ ಬುದ್ಧಿ ಯಾಕೆ ಬಂತೋ, ಅದೂ ನನ್ನ ಮೂಗಿನ ನೇರಕ್ಕೆ. ಬಿಳಿ ಟೈಲ್ಸ್ ಹಾಕಿಸಿದರು. ಗಾಜಿನ ಜಾಡಿಗಳಲ್ಲಿ ಕಡಲೆಬೀಜ, ಎಳ್ಳು, ಹುಚ್ಚೆಳ್ಳು, ಕೊಬ್ಬರಿ, ಸೂರ್ಯಕಾಂತಿ, ಅಗಸೆ ತುಂಬಿ, ಒಂದೊಂದರ ಮೇಲೂ ಮುತ್ತು ಪೋಣಿಸಿದ ಹಾಗೆ ಹೆಸರು ಬರೆದು ಅಂಟಿಸಿದರು. ಗಾಣ ಆಡಿಸಲು ಮಾತ್ರ ಬರುತ್ತಿರಲಿಲ್ಲ. ಮೊದಲ ತಿಂಗಳುಗಳಲ್ಲಿ ಅವರ ಎಣ್ಣೆ ಕೆರೆಯ ನೀರಿನ ಹಾಗೆ ಕದಡಿಕೊಂಡೇ ಇರುತ್ತಿತ್ತು. ನಾನು ಈ ಕಡೆಯಿಂದ ನೋಡಿ, ಇನ್ನೆಷ್ಟು ದಿನ, ಬಾಗಿಲು ಹಾಕುತ್ತಾರೆ ಎಂದುಕೊಂಡೆ.

ಆದರೆ ಅವರಿಗೆ ಮಾತು ಬರುತ್ತಿತ್ತು. ಯಾರಾದರೂ ಬಂದು ಎಣ್ಣೆ ಕೇಳಿದರೆ ನಾವೆಲ್ಲ ಅಳೆದು ಕೊಡುತ್ತೇವೆ. ಮೇಡಂ ಸ್ಟೂಲು ಕೊಟ್ಟು ಕೂರಿಸುತ್ತಿದ್ದರು. ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾರಿಗೆ ಸಕ್ಕರೆ ಕಾಯಿಲೆ, ವಾರಕ್ಕೆಷ್ಟು ಬೋಂಡ ಎಂದೆಲ್ಲ ಕೇಳುತ್ತಿದ್ದರು. "ಕಡಲೆಕಾಯಿ ಎಣ್ಣೆ ಕರಿಯೋಕೂ ತಡ್ಕೊಳ್ಳುತ್ತೆ, ಒಗ್ಗರಣೆಗೂ ಆಗುತ್ತೆ. ಎಳ್ಳೆಣ್ಣೆ ಕೆಡದ ಹಾಗೆ ಕಾಯೋ ಅಂಶ ಎಳ್ಳಿನೊಳಗೇ ಇದೆ. ಹುಚ್ಚೆಳ್ಳೆಣ್ಣೆ ತೆಳು ಕೊಬ್ಬು, ಒಳ್ಳೇದು, ಆದ್ರೆ ಬೇಗ ಕಮಟುತ್ತೆ, ಸ್ವಲ್ಪ ಸ್ವಲ್ಪ ತಗೊಂಡು ಹೋಗಿ. ಅಗಸೆ ಎಣ್ಣೆ ಒಲೆ ಮೇಲೆ ಇಡಲೇಬೇಡಿ." ಇಷ್ಟೆಲ್ಲ ಹೇಳಿ ಕೊನೆಗೆ, "ಎಲ್ಲದಕ್ಕಿಂತ ಮುಖ್ಯ, ಕಡಿಮೆ ಹಾಕಿ. ಎಣ್ಣೆ ಬದಲಾಯಿಸಿ, ಚಮಚ ದೊಡ್ಡದು ಮಾಡಬೇಡಿ. ಯಾವ ಎಣ್ಣೆಯಾದ್ರೂ ಒಂದು ಚಮಚದ ಶಕ್ತಿ ಒಂದೇ, ಹೊಟ್ಟೆ ಬರೋದೂ ಒಂದೇ" ಎನ್ನುತ್ತಿದ್ದರು. ಎಣ್ಣೆ ಮಾರುವವರು ಎಣ್ಣೆ ಕಡಿಮೆ ತಿನ್ನಿ ಅಂದರೆ ಏನಾಗಬೇಕು? ವ್ಯಾಪಾರ ಮುಳುಗಬೇಕು. ಇವರಿಗೆ ಜನ ಕ್ಯೂ ನಿಂತರು.

ಒಂದು ಸಲ ಗುಬ್ಬಿ ಕಡೆಯ ತೆಂಗಿನ ತೋಟದವರೊಬ್ಬರು ಅವರ ಅಂಗಡಿಯಲ್ಲಿ ಜಗಳಕ್ಕೇ ಬಿದ್ದರು. ನನ್ನಲ್ಲಿ ಕೊಬ್ಬರಿ ಅರೆಸಲು ಕೊಟ್ಟು, ಕಾಯುವ ಹೊತ್ತಿನಲ್ಲಿ ಅಲ್ಲಿಗೆ ಹೋಗಿದ್ದವರು. ಏನಾಯಿತು ಎಂದು ನೋಡಲು ನಾನೂ ಬಾಗಿಲಿಗೆ ಬಂದೆ. ಅವರು ಕೇಳಿದ್ದು ಇಷ್ಟೇ, ಕೊಬ್ಬರಿ ಎಣ್ಣೆಯೇ ಎಲ್ಲಕ್ಕಿಂತ ಶ್ರೇಷ್ಠ ಎಂದು ಒಂದು ಬೋರ್ಡು ಬರೆದು ಹಾಕಿ ಎಂದು. ಮೇಡಂ ಕನ್ನಡಕ ಮೇಲೆ ತಳ್ಳಿ, "ಚಳಿಗಾಲದಲ್ಲಿ ಬಾಟಲೀಲಿ ಗಡ್ಡೆ ಕಟ್ಟುತ್ತಲ್ಲ, ಅದೇ ಹೇಳುತ್ತೆ ಅದರಲ್ಲಿ ಗಟ್ಟಿ ಕೊಬ್ಬು ಎಷ್ಟಿದೆ ಅಂತ. ಚಟ್ನಿಗೆ ಕಾಯಿ ಹಾಕ್ಕೊಳ್ಳಿ, ಬೇಡ ಅನ್ನಲ್ಲ. ಎಲ್ಲ ಅಡುಗೆಗೂ ಅದೇ ಎಣ್ಣೆ ಬೇಡ" ಅಂದರು. ತೋಟದವರು, "ತೆಂಗು ಅಂದ್ರೆ ನಮಗೆ ದೇವ್ರು ಕಣಮ್ಮ" ಅಂದರು. "ದೇವರನ್ನ ಮೂರು ಹೊತ್ತೂ ತಿಂತಾರಾ?" ಎಂದು ಮೇಡಂ ತಮ್ಮ ಮಾತಿಗೆ ತಾವೇ ನಕ್ಕರು. ಅವರ ಮಾತಿಗೆ ಮೊದಲು ನಗುವವರು ಯಾವಾಗಲೂ ಅವರೇ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತೋಟದವರ ಮನೆಯಲ್ಲೂ ಅಡುಗೆಗೆ ಪ್ಯಾಕೆಟ್ಟಿನ ಸೂರ್ಯಕಾಂತಿ ಎಣ್ಣೆಯೇ ಎಂದು ನನಗೂ ಗೊತ್ತಿತ್ತು. ಆದರೆ ಅದನ್ನು ಗಿರಾಕಿಯ ಮುಖದ ಮೇಲೆ ಹೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. ಆಮೇಲೆ ಆ ತೋಟದವರೇ ತಿಂಗಳಿಗೊಮ್ಮೆ ಬಂದು ಮೇಡಂ ಹತ್ತಿರ ಕಡಲೆಕಾಯಿ ಎಣ್ಣೆ ಒಯ್ಯುತ್ತಿದ್ದರು. ಅದನ್ನು ನೋಡಿ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಮೇಡಂ ನನ್ನ ಬೋರ್ಡಿನ ತಂಟೆಗೂ ಬಂದರು. 'ಶುದ್ಧ ಗಾಣದ ಎಣ್ಣೆ, ಕೊಲೆಸ್ಟ್ರಾಲ್ ರಹಿತ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದೆ. ಒಂದು ಮಧ್ಯಾಹ್ನ ರಸ್ತೆ ದಾಟಿ ಬಂದು, ಯಾರೂ ಇಲ್ಲದ ಹೊತ್ತು ನೋಡಿ, ದನಿ ತಗ್ಗಿಸಿ ಹೇಳಿದರು: "ತಪ್ಪು ತಿಳ್ಕೋಬೇಡಿ. ಯಾವ ಗಿಡದ ಎಣ್ಣೇಲೂ ಕೊಲೆಸ್ಟ್ರಾಲ್ ಇರಲ್ಲ ಕಣ್ರೀ, ಅದು ಪ್ರಾಣಿ ಕೊಬ್ಬಿನಲ್ಲಿ ಮಾತ್ರ. ನಮ್ಮ ಬಾಳೆಹಣ್ಣಿನಲ್ಲಿ ಮೂಳೆ ಇಲ್ಲ ಅಂತ ಬರೆದ ಹಾಗಾಗುತ್ತೆ." ನಾನು "ಹೌದಾ ಮೇಡಂ" ಅಂದೆ. ಬೋರ್ಡು ತೆಗೆಯಲಿಲ್ಲ. ಮರುವಾರ ಪೇಂಟರನ್ನು ಕರೆಸಿ ಆ ಅಕ್ಷರಗಳಿಗೇ ಇನ್ನೊಂದು ಕೈ ಬಣ್ಣ ಹೊಡೆಸಿದೆ. ನನಗೂ ಅವರಿಗೂ ಎಣ್ಣೆ ಸೀಗೇಕಾಯಿ ಸಂಬಂಧ ಎಂದು ಬೀದಿಗೆಲ್ಲ ಗೊತ್ತಿತ್ತು. ಅವರೊಬ್ಬರಿಗೆ ಮಾತ್ರ ಗೊತ್ತಿದ್ದ ಹಾಗಿರಲಿಲ್ಲ.

ವ್ಯಾಪಾರ ಹೋದರೆ ಹೋಗಲಿ. ನನ್ನ ಹೊಟ್ಟೆ ನಿಜವಾಗಿ ಉರಿದದ್ದು ಅಪ್ಪ ರಸ್ತೆ ದಾಟಿದ ದಿನ.

ಅವರ ಎಣ್ಣೆ ಕದಡಿರುವುದನ್ನು ನೋಡಲಾರದೆ ಹೋದ, ಅಷ್ಟೇ ಇರಬೇಕು. ಗಾಣದ ಮನೆಯವನಿಗೆ ಕೆಟ್ಟ ಎಣ್ಣೆ ನೋಡಿದರೆ ಕೈ ಸುಮ್ಮನಿರುವುದಿಲ್ಲ. ಕಾಳು ಇನ್ನೂ ಹಸಿ ಇದೆ, ಒಣಗಬೇಕು ಎಂದನಂತೆ. ಎಳ್ಳಿಗೆ ಒಸಿ ಬಿಸಿನೀರು ಚಿಮುಕಿಸಿ ಎಂದನಂತೆ. ಕಾಳು ಎಣ್ಣೆ ಬಿಡುವ ಹೊತ್ತಿಗೆ ಗಾಣದ ಸದ್ದು ಬದಲಾಗುತ್ತದೆ, ಅದನ್ನು ಕೇಳಿಸಿಕೊಳ್ಳಿ ಎಂದನಂತೆ. ಇದೆಲ್ಲ ನನಗೆ ಗೊತ್ತಾದದ್ದು ಮೇಡಂ ಗಿರಾಕಿಗಳ ಮುಂದೆ "ನಮ್ಮ ಯಜಮಾನ್ರು ಹೇಳಿಕೊಟ್ಟಿದ್ದು" ಎಂದು ಡಂಗುರ ಹೊಡೆದಾಗ. ಯಾರ ಯಜಮಾನ್ರು? ನನ್ನಪ್ಪ. ನಲವತ್ತು ದಾಟಿದ ಮಗಳಿಗೆ "ನಿಂಗ್ಯಾಕವ್ವ" ಎಂದವನು, ನಿನ್ನೆ ಮೊನ್ನೆ ಬಂದವರಿಗೆ ಗಾಣದ ಸದ್ದು ಹೇಳಿಕೊಟ್ಟಿದ್ದ. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ನಾನು ಪುಸ್ತಕದಲ್ಲಿ ಓದಬೇಕಾಗಿರಲಿಲ್ಲ.

ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದ. ನಮ್ಮಂಗಡಿಯಲ್ಲಿ ಬನಿಯನ್ ಸಾಕಾಗಿತ್ತು. ಅಲ್ಲಿ ಅವನಿಗೆಂದೇ ಕೈಗಳಿರುವ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ. ಮೇಡಂ ಒಂದು ಕಾಳು ಹಿಡಿದು ಅದರೊಳಗೆ ಏನೇನಿದೆ ಹೇಳುವುದು, ಅಪ್ಪ ತಲೆದೂಗುವುದು. ಅಪ್ಪ ಅದೇ ಕಾಳನ್ನು ಹಲ್ಲಿನ ನಡುವೆ ಮುರಿದು ಇದು ಯಾವ ಸೀಮೆಯ ಮಣ್ಣಿನದು ಎಂದು ಹೇಳುವುದು, ಮೇಡಂ ಬಾಯಿ ಬಿಟ್ಟು ಕೇಳುವುದು. ಮನೆಗೆ ಬಂದು, "ಮೇಡಮ್ಮ ಏನಂದ್ರು ಗೊತ್ತೇನವ್ವ" ಎಂದು ಶುರು ಮಾಡುತ್ತಿದ್ದ. ನನಗೆ ಗೊತ್ತಾಗಬೇಕಿರಲಿಲ್ಲ. ಪಾತ್ರೆ ಜೋರಾಗಿ ಕುಕ್ಕುತ್ತಿದ್ದೆ.

ಹಿಂಡಿಯ ಕಥೆ ಹೊರಗೆ ಬಿದ್ದದ್ದೂ ಹೀಗೇ. ಎಳ್ಳು ಅರೆದು ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಹಿಂಡಿ ದನಕ್ಕೆ. ಆದರೆ ಗಾಣದ ಮನೆಗಳಲ್ಲಿ ಬಿಸಿಬಿಸಿ ಹಿಂಡಿಗೆ ಬೆಲ್ಲ ಕಲಸಿ ಮಕ್ಕಳ ಕೈಗೆ ಕೊಡುವುದು ರೂಢಿ. ನಾವೆಲ್ಲ ಬೆಳೆದದ್ದೇ ಅದರಲ್ಲಿ. ಗುಬ್ಬಿಯಲ್ಲಿ ಹೈಸ್ಕೂಲಿಗೆ ಹೋದಾಗ ಡಬ್ಬಿಯಲ್ಲಿ ಒಯ್ದಿದ್ದನ್ನು ಹುಡುಗಿಯರು ನೋಡಿ, "ಇವಳು ಹಸು ತಿನ್ನೋದು ತಿಂತಾಳೆ ಕಣೇ" ಅಂದರು. ಶಾಲೆ ಮುಗಿಯುವವರೆಗೂ ನನ್ನ ಹೆಸರು ಹಿಂಡಿ ಎಂದೇ ಆಯಿತು. ಅಂದಿನಿಂದ ನಾನು ಅದನ್ನು ಮುಟ್ಟಲಿಲ್ಲ, ನನ್ನ ಮಕ್ಕಳಿಗೂ ಕೊಡಲಿಲ್ಲ.

ಅಪ್ಪ ಇದನ್ನು ಮೇಡಂಗೆ ಹೇಳಿದ. ಅವರು ಕುಣಿದಾಡಿಬಿಟ್ಟರಂತೆ. "ಎಣ್ಣೇಲಿ ಬರೀ ಕೊಬ್ಬು ಯಜಮಾನ್ರೇ. ಕಾಳಿನ ಪ್ರೋಟೀನು, ಸುಣ್ಣದ ಅಂಶ, ನಾರು ಎಲ್ಲ ಹಿಂಡೀಲೇ ನಿಲ್ಲುತ್ತೆ. ಎಣ್ಣೆ ನಾವು ತಿಂದು ಸಾರವನ್ನ ದನಕ್ಕೆ ಹಾಕ್ತಿದೀವಿ." ಎಳ್ಳಿನ ಹಿಂಡಿ, ಸಿಪ್ಪೆ ತೆಗೆದ ಕಡಲೆಬೀಜದ ಹಿಂಡಿ ಎರಡನ್ನೂ ಹದವಾಗಿ ಹುರಿದು, ಬೆಲ್ಲ, ಏಲಕ್ಕಿ, ಒಂದಿಷ್ಟು ಕೊಬ್ಬರಿ ತುರಿ ಸೇರಿಸಿ ಉಂಡೆ ಕಟ್ಟಿದರು. 'ಗಾಣದುಂಡೆ' ಎಂದು ಹೆಸರಿಟ್ಟರು. ಬಾಣಂತಿಯರ ಮನೆಯವರು, ಜಿಮ್ಮಿಗೆ ಹೋಗುವ ಹುಡುಗರು, ಎಲ್ಲ ಬಂದು ಒಯ್ದರು. ಗೂಳೂರಿನ ಒಂದು ಅಂಗನವಾಡಿಗೆ ತಾವೇ ಪುಕ್ಕಟೆ ಕಳಿಸತೊಡಗಿದರು. ನನ್ನನ್ನು ಅಳಿಸಿದ ತಿಂಡಿ ಅವರಿಗೆ ಹೆಸರು ತಂದಿತು. ಗೊತ್ತಿಲ್ಲದ ಗಿರಾಕಿಗಳು ನನ್ನಂಗಡಿಗೂ ಬಂದು "ಗಾಣದುಂಡೆ ಇದೆಯಾ" ಎಂದು ಕೇಳುತ್ತಿದ್ದರು. "ನಮ್ಮಲ್ಲಿ ಹಿಂಡಿ ದನಕ್ಕೆ" ಅಂದುಬಿಡುತ್ತಿದ್ದೆ.

ಆ ಮಳೆಗಾಲ ಅಪ್ಪನಿಗೆ ಜ್ವರ ಬಂದು ಹೋಗಿತ್ತು. ಎದ್ದು ಓಡಾಡುವಂತಾದ, ಇಸ್ತ್ರಿ ಅಂಗಿಯೂ ಮತ್ತೆ ಮೈಗೇರಿತು. ಒಂದು ದಿನ ಮನೆಯಲ್ಲಿ ಹಾಲು ತಳಹಿಡಿದು ಸೀದ ವಾಸನೆ ಬೀದಿಯವರೆಗೆ ಹೋಗಿತ್ತು. ನಾನು ಹಿತ್ತಲಿನಿಂದ ಓಡಿ ಬಂದರೆ, ಒಲೆಯಿಂದ ಮಾರು ದೂರದಲ್ಲಿ ಅಪ್ಪ ಪೇಪರು ಓದುತ್ತಾ ಕೂತಿದ್ದಾನೆ. ಯೋಚನೆಯಲ್ಲಿದ್ದನೇನೋ ಎಂದು ಸುಮ್ಮನಾದೆ.

ಕೆಲವು ದಿನ ಬಿಟ್ಟು, ಮೋಡ ಮುಚ್ಚಿದ ಒಂದು ಮಧ್ಯಾಹ್ನ, ಅಪ್ಪ ರಸ್ತೆ ದಾಟಿ ನನ್ನಂಗಡಿಗೆ ಬಂದ. ಕೈಯಲ್ಲಿ ಪೇಪರಿನ ಪೊಟ್ಟಣ. "ಕಡ್ಲೆಬೀಜದ ಹಿಂಡಿ ಕಣವ್ವ, ಬಿಸಿಯಾಗೈತೆ, ತಿನ್ನು" ಎಂದು ಇಟ್ಟು ಹೊರಟ. ಎಷ್ಟೋ ವರ್ಷಗಳ ಮೇಲೆ ಅಪ್ಪ ನನ್ನ ಕೈಗೆ ಹಿಂಡಿ ಕೊಟ್ಟಿದ್ದ, ಅದೂ ಎದುರಂಗಡಿಯ ಹಿಂಡಿ. ತಿನ್ನುವ ಮನಸ್ಸಿರಲಿಲ್ಲ. ಸುಮ್ಮನೆ ಬಿಚ್ಚಿ ಮೂಗಿನ ಹತ್ತಿರ ಹಿಡಿದೆ. ಮುಗ್ಗಲು ವಾಸನೆ. ಮಳೆಗೆ ಸಿಕ್ಕಿ, ಒಳಗೇ ಬೂಷ್ಟು ಹಿಡಿದ ಬೀಜದ ವಾಸನೆ. ಒಂದು ಚೂರು ನಾಲಿಗೆಗೆ ಮುಟ್ಟಿಸಿದೆ, ಕಹಿ.

ಮೊದಲು ನನಗೆ ಆದದ್ದು ಸಂತೋಷ. ಸುಳ್ಳೇಕೆ ಹೇಳಲಿ. ಅಷ್ಟು ಓದಿದವರು, ಅಷ್ಟು ಮಾತಾಡುವವರು, ಮುಗ್ಗಿದ ಬೀಜ ಅರೆದು ಕೂತಿದ್ದಾರೆ. ಆಮೇಲೆ ಎದುರಿಗೆ ನೋಡಿದರೆ ಗೂಳೂರಿಗೆ ಹೋಗುವ ಆಟೋ ನಿಂತಿದೆ, ಉಂಡೆಯ ಡಬ್ಬಗಳು ಒಳಗೆ ಹೋಗುತ್ತಿವೆ. ಅದು ಕೂಸುಗಳ ಬಾಯಿಗೆ ಹೋಗುವುದು. ಗಾಣ ನಿಲ್ಲಿಸಿ, ಪೊಟ್ಟಣ ಹಿಡಿದು ರಸ್ತೆ ದಾಟಿದೆ. ಮಕ್ಕಳಿಗಾಗಿಯೇ ದಾಟಿದೆ. ಆದರೆ ಅಪ್ಪನ ಎದುರಿಗೇ ಹೇಳಬೇಕು ಎಂಬ ಆಸೆಯೂ ನನ್ನ ಜೊತೆಗೇ ದಾಟಿತು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಪೊಟ್ಟಣವನ್ನು ಮೇಡಂ ಮುಂದೆ ಹಿಡಿದು, "ಮೇಡಂ, ಇದು ಮುಗ್ಗಿದೆ. ಉಂಡೆ ಕಳಿಸಬೇಡಿ" ಅಂದೆ.

ಅವರು ಉತ್ತರ ಕೊಡುವ ಮೊದಲೇ ಅಪ್ಪ ನೀಲಿ ಕುರ್ಚಿಯಿಂದ, "ಏ, ಬುಡವ್ವ. ಬೆಳಿಗ್ಗೆ ಮೂಟೆ ಬಿಚ್ಚಿ ನಾನೇ ಮೂಸಿ ನೋಡಿವ್ನಿ. ಬೀಜ ಚೆನ್ನಾಗೈತೆ. ಮೇಡಮ್ಮ, ನೀವು ಕಳ್ಸಿ" ಅಂದ.

"ಇಲ್ಲ ಕಣಪ್ಪ, ಮುಗ್ಗು ಹೊಡೀತೈತೆ."

"ನಿಂಗೇನ್ ಗೊತ್ತಾಯ್ತದೆ? ನಾನು ಹುಟ್ಟಿದ್ದೇ ಗಾಣದ ಪಕ್ಕ."

ನಾನೂ ಗಾಣದ ಪಕ್ಕವೇ ಹುಟ್ಟಿದವಳು. ಅದು ಅವನಿಗೆ ಮರೆತೇಹೋಗಿತ್ತು, ಅದೂ ಆ ಅಂಗಡಿಯಲ್ಲಿ, ಅವರ ಮುಂದೆ. ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. "ನಿನ್ನ ಮೂಗು ಹೋಗೈತೆ ಕಣಪ್ಪ" ಅಂದೆ. "ಅವತ್ತು ಹಾಲು ಸೀದು ಕರಕಲಾದ್ರೂ ನಿಂಗೆ ಗೊತ್ತಾಗ್ಲಿಲ್ಲ."

ಗಿರಾಕಿಗಳೆಲ್ಲ ಅಪ್ಪನನ್ನೇ ನೋಡಿದರು. ಅಪ್ಪ ತನ್ನ ಕೈ ನೋಡಿಕೊಂಡು ಕೂತ. ಜೀವಮಾನವೆಲ್ಲ ಮೂಗಿನಿಂದಲೇ ಅನ್ನ ತಿಂದ ಮನುಷ್ಯ. ಅವನಿಗೂ ಅದು ಗೊತ್ತಿತ್ತು, ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಎಂದು ನನಗೆ ಹೊಳೆದದ್ದು ಅವನು ತಲೆ ತಗ್ಗಿಸಿದಾಗ.

ಮೇಡಂ ಪೊಟ್ಟಣ ಮೂಸಿದರು. ಅವರ ಮುಖ ನೋಡಿದರೆ ಅವರಿಗೇನೂ ವಾಸನೆ ಸಿಕ್ಕ ಹಾಗಿರಲಿಲ್ಲ. ಆದರೂ, "ನೀವು ಹೇಳಿದ್ರೆ ಮುಗೀತು" ಎಂದು ಆಟೋದವನಿಗೆ ಡಬ್ಬ ಇಳಿಸಲು ಹೇಳಿದರು. ಕೆಲಸದ ಹೆಂಗಸಿಗೆ, "ಎಣ್ಣೇನೂ ಚೆಲ್ಲಿಬಿಡಮ್ಮ. ಹಿಂಡಿ ದನಕ್ಕೂ ಹಾಕಬೇಡ, ಬೂಷ್ಟಿನ ವಿಷ ಹಾಲಿಗೆ ಬರುತ್ತೆ" ಅಂದರು. ಆಮೇಲೆ ಅಪ್ಪನ ಕಡೆ ತಿರುಗಿ, ಕನ್ನಡಕ ಮೇಲೆ ತಳ್ಳಿ, ಏನೂ ಆಗಿಲ್ಲವೆಂಬಂತೆ ಹೇಳಿದರು: "ಯಜಮಾನ್ರೇ, ನೀವು ನೋಡಿದ ಮೂಟೆ ಚೆನ್ನಾಗೇ ಇತ್ತು. ನೀವು ಊಟಕ್ಕೆ ಹೋದಾಗ ನಿಮ್ಮನ್ನ ಕೇಳದೆ ನಾನೇ ಇನ್ನೊಂದು ಮೂಟೆ ಬಿಚ್ಚಿಸಿದೆ. ತಪ್ಪು ನಂದು."

ಬಿಚ್ಚಿದ ಮೂಟೆ ಅಲ್ಲಿದ್ದದ್ದು ಒಂದೇ. ಅದರ ಬಾಯಿಗೆ ಅಪ್ಪ ಕಟ್ಟುವ ಗಂಟು ನನಗೆ ಚೆನ್ನಾಗಿ ಗೊತ್ತು.

ಅಪ್ಪ ತಲೆ ಎತ್ತಿದ. "ಅಂಗನ್ನಿ ಮತ್ತೆ. ಕೇಳ್ಬೇಕಲ್ವಾ ಮೇಡಮ್ಮ" ಅಂದ. ಗಿರಾಕಿಯೊಬ್ಬರು ನಕ್ಕರು. ಅಂಗಡಿಯಲ್ಲಿ ಮತ್ತೆ ಮಾತು ಶುರುವಾಯಿತು.

ನಾನು ಈ ಕಡೆ ಬಂದು ಗಾಣದ ಸ್ವಿಚ್ ಹಾಕಿ ನಿಂತೆ. ಗೆದ್ದವಳು ನಾನು, ಮಕ್ಕಳು ಉಳಿದದ್ದು ನನ್ನ ಮೂಗಿನಿಂದ. ಆದರೆ ಕಣ್ಣಲ್ಲಿ ನೀರು ತುಂಬಿ ಎಣ್ಣೆ ಕಾಣಿಸುತ್ತಿರಲಿಲ್ಲ. ಆ ಸುಳ್ಳು ನನ್ನ ಬಾಯಿಂದ ಬರಬೇಕಾಗಿತ್ತು. ಅವನು ನನ್ನಪ್ಪ. ಅವನ ಮಾನ ಉಳಿಸುವ ಮಾತು ಹೊಳೆದದ್ದು ಮಾತ್ರ ಎದುರಂಗಡಿಯವರಿಗೆ. ಗಿರಾಕಿ ಹೋದಾಗ, ಹಿಂಡಿ ಹೆಸರು ಮಾಡಿದಾಗ ಆದದ್ದೆಲ್ಲ ಏನೂ ಅಲ್ಲ. ಹೊಟ್ಟೆಕಿಚ್ಚು ಅಂದರೆ ಏನೆಂದು ನನಗೆ ಗೊತ್ತಾದದ್ದು ಆ ಸಂಜೆ.

ಅಂದಿನಿಂದ ಮೇಡಂ ಹೊಸದೊಂದು ಪದ್ಧತಿ ಮಾಡಿದರು. ಯಾವ ಮೂಟೆ ಬಂದರೂ ಮೊದಲು ಅಪ್ಪ ನೋಡುವುದು. ಆಮೇಲೆ ಒಂದು ಹಿಡಿ ಕಾಳು ಸೆರಗಿನ ಮರೆಯಲ್ಲಿಟ್ಟುಕೊಂಡು, ಚಿಲ್ಲರೆ ಕೇಳುವ ನೆಪದಲ್ಲಿ ತಾವೇ ರಸ್ತೆ ದಾಟಿ ಬಂದು ನನ್ನ ಮುಂದೆ ಹಿಡಿಯುವುದು. ನಾನು ಮೂಸಿ ಹೂಂ ಅಂದರೆ ಗಾಣಕ್ಕೆ, 'ಊಹೂಂ' ಅಂದರೆ ವಾಪಸು. ಅಪ್ಪನಿಗೆ ತಿಳಿಯದ ಹಾಗೆ ನೋಡಿಕೊಂಡರು. ನಾನು ಒಂದು ದಿನವೂ ನಗುಮುಖ ತೋರಲಿಲ್ಲ, ಅವರು ಒಂದು ದಿನವೂ ಬರುವುದು ನಿಲ್ಲಿಸಲಿಲ್ಲ.

ಒಮ್ಮೆ ಕಾಳು ವಾಪಸು ತೆಗೆದುಕೊಳ್ಳುತ್ತಾ, "ಯಜಮಾನ್ರ ಮೂಗು ನಿಮಗೆ ಬಂದಿದೆ. ಎಷ್ಟು ಓದಿದ್ರೂ ನನಗೆ ಅದು ಬರಲ್ಲ. ನಿಮ್ಮನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ ಕಣ್ರೀ" ಅಂದರು. ಹೇಳಿ, ಎಂದಿನಂತೆ ತಾವೇ ನಕ್ಕು, ರಸ್ತೆ ನೋಡಿಕೊಂಡು ದಾಟಿ ಹೋದರು. ನಾನು ವರ್ಷಗಟ್ಟಲೆ ಒಳಗಿಟ್ಟುಕೊಂಡು ಬೇಯುತ್ತಿದ್ದ ಮಾತನ್ನು ಅವರು ಚಿಲ್ಲರೆ ಎಸೆದ ಹಾಗೆ ಹೇಳಿ ಮುಗಿಸಿದ್ದರು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಮೇಡಂ ತೀರಿಕೊಂಡದ್ದು ಹೃದಯದ ಕಾಯಿಲೆಯಲ್ಲಿ. ಒಂದು ಸೋಮವಾರ ಬಾಗಿಲು ತೆಗೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಕುಣಿಗಲ್‌ಗೆ ಒಯ್ದರು, ಅಪ್ಪನನ್ನು ಕರೆದುಕೊಂಡು ನಾನೂ ಹೋಗಿ ಬಂದೆ. ಮುಖದ ಮೇಲೆ ಕನ್ನಡಕ ಇರಲಿಲ್ಲ, ಬೇರೆ ಯಾರೋ ಅನ್ನಿಸಿತು. ಮರುದಿನ ನನ್ನಂಗಡಿಯಲ್ಲಿ ಒಬ್ಬರು, "ಎಣ್ಣೆ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳ್ತಿದ್ರು, ಕೊನೆಗೆ ಅವರಿಗೇ ಹಾರ್ಟ್ ಅಟ್ಯಾಕ್ ನೋಡ್ರಿ" ಎಂದು ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು. "ಅವರು ಹೇಳಿದ್ದು ಎಣ್ಣೆ ವಿಷಯ, ಆಯಸ್ಸಿನ ವಿಷಯ ಅಲ್ಲ. ನಿಮ್ಮ ಕ್ಯಾನು ತಗೊಂಡು ಬೇರೆ ಕಡೆ ಹೋಗಿ" ಅಂದೆ. ಅಪ್ಪ ಒಳಗಿನಿಂದ ನನ್ನನ್ನೇ ನೋಡುತ್ತಿದ್ದ.

ಅವರ ತಮ್ಮ ಬಂದು ಅಂಗಡಿ ಖಾಲಿ ಮಾಡಿದರು. ಗಾಣ ಮಾರಿಹೋಯಿತು. ಜಾಡಿಗಳನ್ನು ಯಾರೋ ಒಯ್ದರು. ನೀಲಿ ಕುರ್ಚಿಯನ್ನು ಮಾತ್ರ ತಲೆಯ ಮೇಲಿಟ್ಟುಕೊಂಡು ರಸ್ತೆ ದಾಟಿ ತಂದು, "ಇದು ಯಜಮಾನ್ರ ಕುರ್ಚಿ ಅಂತ ನಮ್ಮಕ್ಕ ಹೇಳ್ತಿದ್ರು" ಎಂದು ನನ್ನ ಬಾಗಿಲಲ್ಲಿ ಇಟ್ಟು ಹೋದರು. ಈಗ ಅಪ್ಪ ಅದರಲ್ಲೇ ಕೂರುವುದು, ಎದುರಿನ ಮುಚ್ಚಿದ ಶಟರಿಗೆ ಮುಖ ಮಾಡಿ. ಇಸ್ತ್ರಿ ಅಂಗಿ ನನ್ನಂಗಡಿಗೂ ಬಂತು. ಗಿರಾಕಿಗಳಿಗೆ, "ಮೇಡಮ್ಮ ಹೇಳೋರು, ಎಣ್ಣೆ ಬದ್ಲಾಯ್ಸಿ, ಚಮ್ಚ ದೊಡ್ದು ಮಾಡ್ಬೇಡಿ" ಎನ್ನುತ್ತಾನೆ. ಅವರ ಗಿರಾಕಿಗಳೆಲ್ಲ ನನ್ನ ಕಡೆ ಬಂದಿದ್ದಾರೆ, ಆದರೆ ಬಂದವರೆಲ್ಲ ಮೊದಲು ಅವರ ಮಾತೆತ್ತುತ್ತಾರೆ. ಬೋರ್ಡಿನಲ್ಲಿ ಕೊಲೆಸ್ಟ್ರಾಲ್ ಎಂಬ ಮಾತನ್ನು ಅಳಿಸಿಸಿದ್ದೇನೆ. ಗಾಣದುಂಡೆ ಕಟ್ಟುತ್ತೇನೆ, ಗೂಳೂರಿಗೆ ಕಳಿಸುತ್ತೇನೆ. ಒಂದು ಬಾಯಿಗೆ ಹಾಕಿಕೊಂಡೂ ನೋಡಿದೆ. ಅದೇ ರುಚಿ.

ಈ ಸಲದ ಮಳೆಯಲ್ಲಿ ಶಿರಾ ಕಡೆಯಿಂದ ಕಡಲೆಬೀಜ ಬಂತು. ಅಪ್ಪ ಕುರ್ಚಿಯಿಂದ ಎದ್ದು, ಮೂಟೆಗೆ ಕೈ ಹಾಕಿ, ಮೂಸಿ, ಒಂದು ಬೀಜ ಮುರಿದು ಬಾಯಿಗೆ ಹಾಕಿಕೊಂಡು, "ಚೆನ್ನಾಗೈತೆ, ಹಾಕವ್ವ" ಅಂದ. ಅಂಗಡಿಯಲ್ಲಿ ಜನರಿದ್ದರು. ಅವನು ಕೂತ ಮೇಲೆ ನಾನು ತಳದವರೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದೆ. ಸಣ್ಣಗೆ, ಆದರೆ ಇತ್ತು. ಮುಗ್ಗು.

ಸದ್ದಿಲ್ಲದೆ ಮೂಟೆಯನ್ನು ಹಿಂದಕ್ಕೆ ಎಳೆಸಿ ಇನ್ನೊಂದನ್ನು ತರಿಸುತ್ತಿದ್ದೆ. ಅಪ್ಪ ನೋಡಿಬಿಟ್ಟ. "ಯಾಕವ್ವ, ಅದು ಚೆನ್ನಾಗೈತೆ ಅಂದ್ನಲ್ಲ."

ಜನ ಅವನ ಕಡೆ ತಿರುಗಿದರು. "ನೀನು ನೋಡಿದ ಮೂಟೆ ಚೆನ್ನಾಗೇ ಐತೆ ಕಣಪ್ಪ" ಅಂದೆ. "ಇದು ನಿನ್ನ ಕೇಳದೆ ನಾನೇ ಬಿಚ್ಚಿಸಿದ ಬೇರೆ ಮೂಟೆ. ತಪ್ಪು ನಂದು."

ಅಪ್ಪ ನನ್ನನ್ನು ನೋಡಿದ. ಆಮೇಲೆ ಎದುರಿನ ಶಟರನ್ನು ನೋಡಿದ. ಜನ ಹೋದ ಮೇಲೆ ಕುರ್ಚಿಯಿಂದ ಎದ್ದು ಹೊಸ ಮೂಟೆಯ ಹತ್ತಿರ ಬಂದ.

"ಮೇಡಮ್ಮನೂ ಅವತ್ತು ಹಿಂಗೇ ಅಂದಿದ್ರು" ಅಂದ. "ನಿಂಗಿಂತ ಚೆನ್ನಾಗಿ ಹೇಳಿದ್ರು ಕಣವ್ವ. ಒಂದ್ ಗಳಿಗೆ ನಾನೇ ನಂಬಿಬಿಟ್ಟಿದ್ದೆ."

ಹೊಟ್ಟೆಯೊಳಗೆ ಹಳೆಯ ಕಿಚ್ಚು ಭಗ್ಗೆಂದಿತು. ಅಪ್ಪ ಹೊಸ ಮೂಟೆಗೆ ಕೈ ಹಾಕಿ, ಒಂದು ಹಿಡಿ ಬೀಜ ತೆಗೆದ. ತಾನು ಮೂಸಲಿಲ್ಲ. ಕೈ ಚಾಚಿ ನನ್ನ ಮೂಗಿನ ಹತ್ತಿರ ಹಿಡಿದ.

"ನೋಡು" ಅಂದ.